ಒಣಗಾಳಿಯ ಊರಲ್ಲಿ ಹವಳದ ತೊಟ್ಟಿ

ಮನೆಯಲ್ಲಿ ಹವಳದ ಅಕ್ವೇರಿಯಂ ಇಡುವವರಿಗೆ ಸಿಗುವ ಬುದ್ಧಿಮಾತುಗಳಲ್ಲಿ ಬಹುಪಾಲು ಚಳಿ ದೇಶಗಳಿಂದ ಬಂದವು. ಅಲ್ಲಿ ವರ್ಷದ ಹೆಚ್ಚಿನ ತಿಂಗಳು ನೀರನ್ನು ಬೆಚ್ಚಗಿಡುವುದೇ ಕೆಲಸ. ತಂಪಿನ ಚಿಂತೆ ಬೇಸಿಗೆಯ ನಾಲ್ಕು ದಿನ ಮಾತ್ರ. ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದಲ್ಲಿ ಲೆಕ್ಕ ತಿರುವುಮುರುವು. ಶಿವರಾತ್ರಿ ಕಳೆದರೆ ಸಾಕು, ಬಿಸಿಲು ಏರುತ್ತಲೇ ಹೋಗಿ ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ದಾಟುತ್ತದೆ. ಕಡಲು ಯಾವ ದಿಕ್ಕಿಗೆ ಹೋದರೂ ಇನ್ನೂರು ಕಿಲೋಮೀಟರಿನಾಚೆ. ಇಂಥ ಊರಿನ ಒಂದು ಕೋಣೆಯಲ್ಲಿ ಉಪ್ಪುನೀರಿನ ತೊಟ್ಟಿಯನ್ನು ತಣ್ಣಗಿಡುವ ವಿಧಾನಗಳನ್ನು ಇಲ್ಲಿ ತೂಗಿ ನೋಡಿದ್ದೇನೆ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ತಣಿಸುವುದು ಕಡಲತೀರಕ್ಕಿಂತ ಇಲ್ಲೇ ಸುಲಭ; ಆದರೆ ಅದರ ಬೆಲೆಯನ್ನು ನೀರಿನಲ್ಲಿ ತೆರಬೇಕು.

ಹವಳಕ್ಕೆ ಸೆಖೆ ಯಾಕೆ ಆಗದು? ಹವಳದ ಮೈಯೊಳಗೆ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಬೆಳಕಿನಿಂದ ಅದು ತಯಾರಿಸುವ ಆಹಾರವೇ ಹವಳದ ಮುಖ್ಯ ಊಟ. ನೀರಿನ ಬಿಸಿ ಬೇಸಿಗೆಯ ವಾಡಿಕೆಗಿಂತ ಒಂದೆರಡು ಡಿಗ್ರಿ ಮೇಲೇರಿ ಕೆಲವು ವಾರ ಅಲ್ಲೇ ನಿಂತರೆ ಹವಳ ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ, ಆಮೇಲೆ ಉಪವಾಸ ಬೀಳುತ್ತದೆ. ಜಗತ್ತಿನ ಹವಳದ ದಿಬ್ಬಗಳು ನಾಲ್ಕನೆಯ ಬಾರಿ ಸಾಮೂಹಿಕವಾಗಿ ಬಿಳಿಚಿಕೊಳ್ಳುತ್ತಿವೆ ಎಂದು ವಿಜ್ಞಾನಿಗಳು ಘೋಷಿಸಿದ್ದು 2024ರ ಏಪ್ರಿಲ್‌ನಲ್ಲಿ; ಆ ಬೇಸಿಗೆಯಲ್ಲಿ ಲಕ್ಷದ್ವೀಪವೂ ಪೆಟ್ಟು ತಿಂದಿತು. ಮನೆಯ ತೊಟ್ಟಿಯಲ್ಲಿ 25, 26 ಡಿಗ್ರಿ ಕಾಯ್ದುಕೊಳ್ಳುವುದು ರೂಢಿ. 30 ದಾಟಿದರೆ ಎರಡು ಕಡೆಯಿಂದ ಹೊಡೆತ: ಬಿಸಿ ನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಕಡಿಮೆ, ಅದೇ ಹೊತ್ತಿಗೆ ಮೀನುಗಳಿಗೆ ಬೇಕಾಗುವ ಆಮ್ಲಜನಕ ಹೆಚ್ಚು.

ಮೊದಲು ಎಲ್ಲರ ಕೈಗೂ ಎಟಕುವ ಉಪಾಯ: ಬಾಟಲಿಯಲ್ಲಿ ನೀರು ತುಂಬಿ, ಫ್ರಿಜ್ಜಿನಲ್ಲಿ ಗಡ್ಡೆ ಕಟ್ಟಿಸಿ, ತೊಟ್ಟಿಯಲ್ಲಿ ತೇಲಿಬಿಡುವುದು. 200 ಲೀಟರ್ ತೊಟ್ಟಿಗೆ ಒಂದು ಲೀಟರ್ ಐಸು ಕರಗಿದರೆ ಇಳಿಯುವುದು ಹೆಚ್ಚೆಂದರೆ ಅರ್ಧ ಡಿಗ್ರಿ. ಮಧ್ಯಾಹ್ನ ನಾಲ್ಕೈದು ಬಾಟಲಿ ಹಾಕಿದರೆ ಎರಡು ಡಿಗ್ರಿ ಸರ್ರನೆ ಇಳಿಯುತ್ತದೆ, ಸಂಜೆಗೆ ಮತ್ತೆ ಏರುತ್ತದೆ. ಈ ಏರಿಳಿತ ಹವಳಕ್ಕೆ ಬಿಸಿಯಷ್ಟೇ ಕೆಟ್ಟದ್ದು. ಕರೆಂಟು ಹೋದ ದಿನದ ಆಪದ್ಧರ್ಮ ಅನ್ನುವುದಕ್ಕಿಂತ ಹೆಚ್ಚಿನ ಅಂಕ ಇದಕ್ಕೆ ಸಲ್ಲದು.

ಚಿಲ್ಲರ್ ಯಂತ್ರದ ವಿಷಯ ಬೇರೆ. ಹೇಳಿದ ಡಿಗ್ರಿಗೆ ನೀರನ್ನು ತಂದು ನಿಲ್ಲಿಸುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ನೀರಿನಿಂದ ಕಿತ್ತ ಶಾಖವನ್ನೂ, ತಾನು ತಿಂದ ಕರೆಂಟಿನ ಶಾಖವನ್ನೂ ಅದು ಬೆನ್ನಿಂದ ಹೊರಕ್ಕೆ ಊದುತ್ತದೆ. ಯಂತ್ರ ಅದೇ ಕೋಣೆಯಲ್ಲಿದ್ದರೆ ಕೋಣೆ ಕಾಯುತ್ತದೆ, ಕೋಣೆ ಕಾದಷ್ಟೂ ತೊಟ್ಟಿ ಕಾಯುತ್ತದೆ, ಯಂತ್ರ ಇನ್ನಷ್ಟು ಓಡುತ್ತದೆ. ಅದನ್ನು ಪಡಸಾಲೆಗೋ ಕಿಟಕಿಯಾಚೆಗೋ ಇಟ್ಟು ಕೊಳವೆ ಎಳೆಯುವ ಅನುಕೂಲವಿದ್ದರೆ ಮಾತ್ರ ಅದು ಒಳ್ಳೆಯ ಹೂಡಿಕೆ. ಎ.ಸಿ. ಈ ದೋಷದಿಂದ ಪಾರು, ಶಾಖವನ್ನು ಹೊರಗೇ ಬಿಡುತ್ತದೆ. ಆದರೆ ಒಂದು ತೊಟ್ಟಿಗಾಗಿ ಇಡೀ ಕೋಣೆಯನ್ನು ಹಗಲೂ ರಾತ್ರಿ ತಣಿಸುವುದು ದುಂದು.

ಇನ್ನು ಫ್ಯಾನು. ತೊಟ್ಟಿಯ ಮೇಲಿನ ಗಾಜಿನ ಮುಚ್ಚಳ ತೆಗೆದು, ನೀರಿನ ಮೈಮೇಲೆ ಓರೆಯಾಗಿ ಗಾಳಿ ಬೀಸುವ ಒಂದು ಸಣ್ಣ ಫ್ಯಾನು, ಅಷ್ಟೇ. ಬೇಸಿಗೆಯಲ್ಲಿ ಮಣ್ಣಿನ ಮಡಕೆ ನೀರು ತಣ್ಣಗಾಗುವುದು ಯಾವ ನ್ಯಾಯದಿಂದಲೋ ಇದೂ ಅದೇ ನ್ಯಾಯ: ಆವಿಯಾಗಿ ಹೋಗುವ ನೀರು ಉಳಿದ ನೀರಿನ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಒಂದು ಲೀಟರ್ ಐಸು ಕರಗಿದಾಗ ಹೋಗುವುದಕ್ಕಿಂತ ಐದು ಪಟ್ಟಿಗೂ ಹೆಚ್ಚು ಶಾಖ ಹೋಗುತ್ತದೆ. ಹೊರಗಿನಿಂದ ಬಿಸಿ ಸೇರದಿದ್ದರೆ ಅಷ್ಟರಲ್ಲೇ 200 ಲೀಟರ್ ನೀರು ಮೂರು ಡಿಗ್ರಿಯಷ್ಟು ಇಳಿದೀತು.

ಪರಶುರಾಂಪುರಕ್ಕೆ ಕಡಲತೀರದ ಊರಿಗಿಂತ ಅನುಕೂಲ ಇರುವುದು ಇಲ್ಲಿಯೇ. ತಾಪಮಾಪಕದ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಫ್ಯಾನಿನ ಗಾಳಿಗೆ ಹಿಡಿಯಿರಿ. ಅಂಕಿ ಇಳಿಯುತ್ತ ಇಳಿಯುತ್ತ ಒಂದು ಕಡೆ ನಿಲ್ಲುತ್ತದೆ. ಎಷ್ಟೇ ಗಾಳಿ ಬೀಸಿದರೂ ನೀರು ಅದಕ್ಕಿಂತ ಕೆಳಗೆ ಹೋಗದು. ಗಾಳಿಯ ಬಿಸಿ 38 ಡಿಗ್ರಿ, ತೇವಾಂಶ ಶೇ. 25 ಇದ್ದರೆ ಆ ಗಡಿ ಸುಮಾರು 23 ಡಿಗ್ರಿ. ಮಂಗಳೂರಿನ ಸೆಖೆಯಲ್ಲಿ 33 ಡಿಗ್ರಿ, ಶೇ. 70 ತೇವಾಂಶ ಇದ್ದರೆ ಗಡಿ 28ರ ಮೇಲೇ ನಿಲ್ಲುತ್ತದೆ. ಅಲ್ಲಿ ಫ್ಯಾನನ್ನೇ ನಂಬಿದವನಿಗೆ 26 ಡಿಗ್ರಿ ಗಗನಕುಸುಮ. ಇಲ್ಲಿ ಕೈಗೆಟಕುವ ಮಾತು. ಪಂಪು, ದೀಪ, ಗಾಜಿನ ಗೋಡೆ ಮೂರೂ ಶಾಖ ಸೇರಿಸುತ್ತಲೇ ಇರುವುದರಿಂದ ನೀರು ಗಡಿಯವರೆಗೂ ಇಳಿಯದು ನಿಜ. ಆದರೆ 23ಕ್ಕೂ 26ಕ್ಕೂ ನಡುವೆ ಇರುವ ಮೂರು ಡಿಗ್ರಿಯ ಸಲುಗೆಯನ್ನು ಕಡಲತೀರದ ಗಾಳಿ ಕೊಡುವುದಿಲ್ಲ. ಒಂದು ಎಚ್ಚರಿಕೆ: ಕಿಟಕಿ ಮುಚ್ಚಿದರೆ ಆವಿ ಕೋಣೆಯಲ್ಲೇ ತುಂಬಿಕೊಂಡು ಈ ಲಾಭ ಕರಗಿಹೋಗುತ್ತದೆ.

ಹಾಗಾದರೆ ಫ್ಯಾನಿಗೆ ನೂರಕ್ಕೆ ನೂರು ಕೊಡಬಹುದೆ? ತೊಟ್ಟಿಯ ಅಂಚನ್ನು ಹತ್ತಿರದಿಂದ ನೋಡಿ. ನಿನ್ನೆ ನೀರು ನಿಂತಿದ್ದ ಗೆರೆಯಿಂದ ಇವತ್ತು ಬೆರಳಗಲ ಇಳಿದಿರುತ್ತದೆ, ಮೇಲೆ ಬಿಳಿ ಉಪ್ಪಿನ ಹಕ್ಕಳೆ ಕಟ್ಟಿರುತ್ತದೆ. ಇಂಥ ತೊಟ್ಟಿ ಕಡುಬೇಸಿಗೆಯಲ್ಲಿ ದಿನಕ್ಕೆ ಐದಾರು ಲೀಟರ್ ಕುಡಿಯುವುದು ಹೆಚ್ಚಲ್ಲ. ಹಾರುವುದು ನೀರು ಮಾತ್ರ. 200 ಲೀಟರಿನಲ್ಲಿ ಕರಗಿದ ಏಳು ಕಿಲೋ ಉಪ್ಪು ಅಲ್ಲೇ ಉಳಿಯುತ್ತದೆ. ಐದು ದಿನ ನೀರು ಸೇರಿಸದಿದ್ದರೆ ಲೀಟರಿಗೆ 35 ಗ್ರಾಂ ಇದ್ದ ಉಪ್ಪು 40 ಮುಟ್ಟುತ್ತದೆ. ಬಿಸಿಯಿಂದ ಉಳಿದ ಹವಳ ಉಪ್ಪಿನಿಂದ ಸತ್ತೀತು.

ಸೇರಿಸುವುದು ಸಿಹಿನೀರನ್ನೇ. ಆದರೆ ಎಂಥ ಸಿಹಿನೀರು? ಚಿತ್ರದುರ್ಗ ಜಿಲ್ಲೆಯ ಕೊಳವೆಬಾವಿಗಳ ಗಡಸು ನೀರು, ಫ್ಲೋರೈಡು ಇಲ್ಲಿನವರಿಗೆ ಹೊಸ ಮಾತಲ್ಲ. ಆ ನೀರನ್ನು ದಿನವೂ ಸುರಿದರೆ ಅದರೊಳಗಿನ ಲವಣವೂ ದಿನವೂ ತೊಟ್ಟಿಯಲ್ಲಿ ಜಮೆಯಾಗುತ್ತದೆ. ಹಾಗಾಗಿ ಆರ್‌ಒ ನೀರೇ ಬೇಕು. ಮನೆಯ ಆರ್‌ಒ ಯಂತ್ರ ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರ್ ಆಚೆ ಚೆಲ್ಲುತ್ತದೆ. ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ತಂದ 20 ಲೀಟರಿನ ಕ್ಯಾನು ಮೂರು ನಾಲ್ಕು ದಿನಕ್ಕೆ ಮುಗಿಯುತ್ತದೆ. ಅದನ್ನೂ ಟಿಡಿಎಸ್ ಮೀಟರಿನಲ್ಲಿ ಅಳೆದೇ ಬಳಸಬೇಕು. ಊರ ಪಕ್ಕದ ವೇದಾವತಿ ನದಿಗೆ ಮೇಲೆ ಹಿರಿಯೂರು ತಾಲ್ಲೂಕಿನಲ್ಲಿ ಕಟ್ಟಿದ ವಾಣಿವಿಲಾಸ ಸಾಗರ 1933ರಲ್ಲಿ ತುಂಬಿದ ಮೇಲೆ ಮತ್ತೆ ತುಂಬಿ ಕೋಡಿ ಬಿದ್ದದ್ದು 2022ರಲ್ಲಿ. ಇಂಥ ಸೀಮೆಯಲ್ಲಿ ಕುಡಿಯುವ ನೀರನ್ನು ಗಾಳಿಗೆ ತೂರುವ ಹವ್ಯಾಸವನ್ನು ಅಗ್ಗ ಎಂದು ಕರೆಯಲು ಮನಸ್ಸೊಪ್ಪದು. ಫ್ಯಾನಿನ ಕರೆಂಟು ಬಿಲ್ಲು ಕಡಿಮೆ ಎಂದು ಹೊಗಳುವವರು ಈ ಬಾಬ್ತನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಆದ್ದರಿಂದ ತಣಿಸುವ ಮೊದಲು ಕಾಯದಂತೆ ನೋಡಿಕೊಳ್ಳುವುದು ಜಾಣತನ. ಮಣ್ಣು ಹೊದಿಸಿದ ಹಳೆಯ ಮೇಲ್ಮುದ್ದೆ ಮನೆ ಸಿಕ್ಕವರು ಪುಣ್ಯವಂತರು. ಹೊರಗಿನ ಬಿಸಿಲು ಒಳಗೆ ಬರುವ ಹೊತ್ತಿಗೆ ಸಂಜೆಯಾಗಿರುತ್ತದೆ. ಆರ್‌ಸಿಸಿ ತಾರಸಿಯಾದರೆ ಸುಣ್ಣ ಬಳಿಯಬೇಕು, ತೊಟ್ಟಿಯನ್ನು ಪಡುವಣ ಗೋಡೆಯಿಂದ ದೂರ, ನೆಲಮಹಡಿಯಲ್ಲಿ ಇಡಬೇಕು. ಪಂಪಾಗಲೀ ದೀಪವಾಗಲೀ ತಿಂದ ಪ್ರತಿ ವ್ಯಾಟೂ ಕೊನೆಗೆ ಶಾಖವೇ. ಆದ್ದರಿಂದ ಹವಳಕ್ಕೆ ಬೇಕಾದ ಎಂಟು ಹತ್ತು ಗಂಟೆಯ ಬೆಳಕನ್ನು ರಾತ್ರಿಗೆ ಹೊಂದಿಸಬೇಕು. ಹವಳಕ್ಕೆ ಬೇಕಾದದ್ದು ದಿನವೂ ಒಂದೇ ಹೊತ್ತಿಗೆ ಬರುವ ಬೆಳಕು. ಅದು ನಮ್ಮ ಹಗಲೇ ಆಗಬೇಕೆಂದಿಲ್ಲ. ಒಂದು ರೂಪಾಯಿ ಖರ್ಚಿಲ್ಲದ ಈ ಉಪಾಯಕ್ಕೆ ನಾನು ಚಿಲ್ಲರಿಗಿಂತ ಹೆಚ್ಚು ಅಂಕ ಕೊಡುತ್ತೇನೆ. ಫ್ಯಾನಿಗೆ ಥರ್ಮೋಸ್ಟಾಟ್ ಇರಲೇಬೇಕು, ಇಲ್ಲದಿದ್ದರೆ ಡಿಸೆಂಬರ್ ರಾತ್ರಿಯ ಚಳಿಗೆ ನೀರು ಬೇಡದಷ್ಟು ಇಳಿಯುತ್ತದೆ.

ಇಷ್ಟೆಲ್ಲ ಯಾವ ಜೀವಿಗಾಗಿ ಅನ್ನುವ ಪ್ರಶ್ನೆಯನ್ನು ತಾಪಮಾಪಕ ಕೇಳುವುದಿಲ್ಲ, ವಿಮರ್ಶೆ ಕೇಳಬೇಕು. ದಿಬ್ಬ ಕಟ್ಟುವ ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ, ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಿಂದಾಗಲೀ ಲಕ್ಷದ್ವೀಪದಿಂದಾಗಲೀ ಕಿತ್ತು ತಂದ ಹವಳವನ್ನು 26 ಡಿಗ್ರಿಯಲ್ಲಿ ಎಷ್ಟು ಚೆನ್ನಾಗಿ ಕಾಪಾಡಿದರೂ ಅದು ಅಪರಾಧವೇ. ಉಳಿಯುವ ದಾರಿ ಚಿಕ್ಕದು, ಆದರೆ ಚೊಕ್ಕಟ: ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಮೀನುಗಳನ್ನು ಹ್ಯಾಚರಿಯಲ್ಲೇ ಮರಿಮಾಡಿಸುವ ವಿಧಾನ ರೂಪಿಸಿದೆ; ಅಂಥ ಸಾಕುಮರಿಗಳ ಒಂದು ಜೋಡಿ 28 ಡಿಗ್ರಿಯಲ್ಲೂ ಆರಾಮಾಗಿ ಬಾಳುತ್ತದೆ. ಗುರಿಯನ್ನು 26ರಿಂದ 28ಕ್ಕೆ ಸಡಿಲಿಸಿದರೆ ಫ್ಯಾನು ತಿರುಗುವ ಗಂಟೆಗಳು ಇಳಿಯುತ್ತವೆ, ಕ್ಯಾನು ಹೊರುವ ಕೆಲಸವೂ ಇಳಿಯುತ್ತದೆ. ಪರಶುರಾಂಪುರದ ಕೋಣೆಗೆ ಒಪ್ಪುವುದು ಇಂಥ ಮೀನುತೊಟ್ಟಿ. ಗಟ್ಟಿ ಹವಳದ ತೊಟ್ಟಿಯನ್ನು ಇಲ್ಲಿ ತಣ್ಣಗಿಡಲು ಸಾಧ್ಯ ಅನ್ನುವುದನ್ನು ಒಪ್ಪುತ್ತೇನೆ, ಇಡಬೇಕು ಅನ್ನುವುದನ್ನು ಒಪ್ಪುವುದಿಲ್ಲ.