ರವಿವರ್ಮನ ಪಟ ಯಾರ ಸ್ವತ್ತು?

ಹೊರನಾಡ ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ಲೇಖನಗಳಿಗೆ ಸಲ್ಲುವ ಪರಾಮರ್ಶೆ ಚಿತ್ರಗಳಿಗೆ ಸಲ್ಲುವುದಿಲ್ಲ. ಕವಿತೆಯ ಅಡಿಯಲ್ಲಿ ಕವಿಯ ಹೆಸರು ತಪ್ಪಿದರೆ ಆಕ್ಷೇಪವೇಳುತ್ತದೆ. ಚಿತ್ರದ ಅಡಿಯಲ್ಲಿ ‘ಸಂಗ್ರಹ’ ಎಂಬ ಒಂದೇ ಮಾತಿಗೆ ಎಲ್ಲರೂ ತೃಪ್ತರು. ಹಳೆಯದೆಲ್ಲ ಎಲ್ಲರ ಸ್ವತ್ತೆಂಬ ಭಾವನೆಯೇ ಈ ಔದಾಸೀನ್ಯದ ಮೂಲ. ಅದು ಎಷ್ಟರ ಮಟ್ಟಿಗೆ ಸಾಧುವೆಂಬುದನ್ನು ಪುಣೆಯ ನೆರೆಯ ನಿದರ್ಶನದಿಂದಲೇ ವಿಚಾರಿಸಬಹುದು.

ರಾಜಾ ರವಿವರ್ಮನ ಅಚ್ಚುಕೂಟ ೧೮೯೪ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ, ಕೆಲವೇ ವರ್ಷಗಳಲ್ಲಿ ಪುಣೆ ಜಿಲ್ಲೆಯ ಮಳವಲಿಗೆ ಬಂದಿತು. ಅದರ ಲಕ್ಷ್ಮೀ ಸರಸ್ವತಿಯರ ಪಟಗಳು ಕನ್ನಡಿಗರ ದೇವರ ಕೋಣೆಗಳನ್ನೂ ಸೇರಿದವು. ಚಿತ್ರಕಾರನು ೧೯೦೬ರಲ್ಲಿ ಕಾಲವಾದುದರಿಂದ ಆತನ ಪ್ರಸಿದ್ಧ ಪಟಗಳ ಮೇಲಿನ ಕೃತಿಸ್ವಾಮ್ಯ ಅಳಿದು ಬಹುಕಾಲವಾಯಿತು. ಆದರೆ ಆತನು ಬದುಕಿದ್ದಾಗಲೇ ಅಚ್ಚುಕೂಟವು ಜರ್ಮನ್ ತಂತ್ರಜ್ಞ ಫ್ರಿಟ್ಸ್ ಶ್ಲೈಶರನ ಕೈಸೇರಿ, ಅನ್ಯ ಕಲಾವಿದರ ಚಿತ್ರಗಳನ್ನೂ ಅಚ್ಚು ಹಾಕಿತು. ಅಂಚಿನಲ್ಲಿ ಅಚ್ಚುಕೂಟದ ಹೆಸರಿದ್ದ ಮಾತ್ರಕ್ಕೆ ಪಟವು ರವಿವರ್ಮನದೆಂದು ಹೇಳಬರುವುದಿಲ್ಲ.

ಈ ಭೇದ ಕೇವಲ ಪಾಂಡಿತ್ಯದ ಮಾತಲ್ಲ. ಭಾರತದ ೧೯೫೭ರ ಕಾಯಿದೆ ಕಲಾವಿದನ ಮರಣಾನಂತರ ೫೦ ವರ್ಷ ಸ್ವಾಮ್ಯವನ್ನು ವಿಧಿಸಿತ್ತು. ೧೯೯೨ರ ತಿದ್ದುಪಡಿ ಅದನ್ನು ೬೦ಕ್ಕೇರಿಸಿತು. ಪೌರಾಣಿಕ ಚಿತ್ರಗಳಿಗೆ ಹೆಸರಾದ ಎಂ. ವಿ. ಧುರಂಧರರು ೧೯೪೪ರಲ್ಲಿ ತೀರಿಕೊಂಡರು. ಅವರ ಜೀವಿತಕಾಲದಲ್ಲಿ ಪ್ರಕಟವಾದ ಚಿತ್ರಗಳು ೨೦೦೫ರ ಆರಂಭದಿಂದ ಇಲ್ಲಿ ಸಾರ್ವಜನಿಕ. ಕಲಬುರಗಿಯ ಎಸ್. ಎಂ. ಪಂಡಿತರು ೧೯೯೩ರಲ್ಲಿ ತೀರಿಕೊಂಡುದರಿಂದ ಅವರ ಚಿತ್ರಗಳ ಸ್ವಾಮ್ಯ ೨೦೫೩ರ ಕೊನೆಯವರೆಗೂ ಉಳಿಯುತ್ತದೆ. ಒಂದೇ ಗೋಡೆಯ ಮೇಲಿನ ಮೂರು ಪಟಗಳಿಗೆ ಮೂರು ಗತಿ.

ಸಂಚಿಕೆಯು ಕಡಲಾಚೆಯ ಕನ್ನಡಿಗರನ್ನು ಮುಟ್ಟಿದಾಗ ತೊಡಕು ಇಮ್ಮಡಿಸುತ್ತದೆ. ಬರ್ನ್ ಒಪ್ಪಂದವು ಸದಸ್ಯ ದೇಶಗಳ ಕೃತಿಗಳಿಗೆ ಪರಸ್ಪರ ರಕ್ಷಣೆ ಕೊಡುತ್ತದೆಯೇ ಹೊರತು ಎಲ್ಲೆಡೆ ಒಂದೇ ಅವಧಿಯನ್ನು ವಿಧಿಸುವುದಿಲ್ಲ. ಐರೋಪ್ಯ ಒಕ್ಕೂಟದಲ್ಲಿ ಮರಣಾನಂತರ ೭೦ ವರ್ಷವಾದರೂ, ತವರುನಾಡಿನಲ್ಲಿ ಸ್ವಾಮ್ಯ ಮುಗಿದ ಪರದೇಶದ ಕೃತಿಗೆ ಸಾಮಾನ್ಯವಾಗಿ ಅಲ್ಲಿಯೂ ಮುಗಿಯುತ್ತದೆ. ಅಮೆರಿಕವು ಈ ನಿಯಮವನ್ನು ಒಪ್ಪದು. ಹಳೆಯ ಕೃತಿಗಳಿಗೆ ಪ್ರಕಟಣೆಯಿಂದ ೯೫ ವರ್ಷ ಎಣಿಸುತ್ತದೆ. ೧೯೯೬ರಲ್ಲಿ ಅದು ತವರಿನಲ್ಲಿ ಸ್ವಾಮ್ಯ ಉಳಿದಿದ್ದ ವಿದೇಶೀ ಕೃತಿಗಳಿಗೆ ಹಕ್ಕನ್ನು ಮರಳಿಸಿತು. ಆದುದರಿಂದ ೧೯೩೫ರಲ್ಲಿ ಮೊದಲು ಪ್ರಕಟವಾದ ಧುರಂಧರರ ಚಿತ್ರವೊಂದು ಪುಣೆಯಲ್ಲಿ ಮುಕ್ತವಾಗಿದ್ದರೂ ಅಮೆರಿಕದಲ್ಲಿ ೨೦೩೦ರ ಕೊನೆಯವರೆಗೆ ಬದ್ಧವಾಗಿರಬಹುದು.

ಅತ್ತ, ನಿಸ್ಸಂದೇಹವಾಗಿ ಮುಕ್ತವಾದ ನಿಧಿ ಉಪೇಕ್ಷಿತವಾಗಿದೆ. ಧಾರವಾಡ ಮೈಸೂರು ಪ್ರಾಂತಗಳ ದೇವಾಲಯಗಳನ್ನು ಪಿಗೌ, ನೀಲ್, ಬಿಗ್ಸ್ ಎಂಬವರು ತೆಗೆದ ಛಾಯಾಚಿತ್ರಗಳ ಸಂಪುಟ ೧೮೬೬ರಲ್ಲೇ ಲಂಡನ್ನಿನಿಂದ ಹೊರಬಂದಿತು. ಹೆನ್ರಿ ಕಸಿನ್ಸ್ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪವನ್ನು ಕುರಿತು ರಚಿಸಿದ ೧೯೨೬ರ ಸರಕಾರೀ ಗ್ರಂಥವೂ ಮುಕ್ತವೇ. ಇಂತಹ ಚಿತ್ರದ ಪ್ರತಿಗೆ ಗ್ರಂಥಾಲಯ ಶುಲ್ಕ ಕೇಳಿದರೆ ಅದು ಸೇವೆಯ ಬೆಲೆ, ಸ್ವಾಮ್ಯದ ಪುರಾವೆಯಲ್ಲ. ಮುಕ್ತ ಚಿತ್ರದ ಯಥಾವತ್ ಪ್ರತಿಯಿಂದ ಹೊಸ ಸ್ವಾಮ್ಯ ಹುಟ್ಟದೆಂದು ನ್ಯೂಯಾರ್ಕಿನ ನ್ಯಾಯಾಲಯವೊಂದು ೧೯೯೯ರಲ್ಲಿ ತೀರ್ಪಿತ್ತಿದೆ.

ತೀರ ಕಷ್ಟವಾದುದು ಇತ್ತೀಚಿನ ಛಾಯಾಚಿತ್ರಗಳ ಪ್ರಶ್ನೆ. ಭಾರತದಲ್ಲಿ ೧೯೫೧ರೊಳಗೆ ಪ್ರಕಟವಾದವು ಮುಕ್ತವಾಗಿವೆ. ಛಾಯಾಚಿತ್ರಗಳಿಗಿದ್ದ ಪ್ರತ್ಯೇಕ ನಿಯಮವನ್ನು ೨೦೧೨ರ ತಿದ್ದುಪಡಿ ತೆಗೆದುಹಾಕಿದುದರಿಂದ, ಅನಂತರದವುಗಳ ಅವಧಿ ಛಾಯಾಗ್ರಾಹಕನ ಮರಣದಿಂದ ಎಣಿಕೆಯಾಗಬೇಕು. ಪುಣೆಯಲ್ಲಿ ನೆಲೆಸಿದ್ದ ಗದಗಿನ ಭೀಮಸೇನ ಜೋಶಿಯವರ ಚಿತ್ರವನ್ನು ಅಚ್ಚುಹಾಕುವವರು ಗಾಯಕರ ಹೆಸರನ್ನು ಮರೆಯುವುದಿಲ್ಲ. ಕಾನೂನು ಕೇಳುವುದಾದರೋ ಚಿತ್ರ ತೆಗೆದವನ ಹೆಸರನ್ನು. ಆ ಹೆಸರನ್ನು ದಾಖಲಿಸದ ಸಂಚಿಕೆ ಮುಂದಿನ ಸಂಶೋಧಕನ ದಾರಿಯನ್ನೇ ಮುಚ್ಚುತ್ತದೆ.

ಕರ್ತೃ, ಆತನ ಮರಣದ ವರ್ಷ, ಮೊದಲ ಪ್ರಕಟಣೆಯ ಸ್ಥಳ ಕಾಲ, ಪ್ರತಿಯ ನೆಲೆ: ಈ ನಾಲ್ಕು ವಿವರಗಳನ್ನು ಪ್ರತಿ ಚಿತ್ರದಡಿಯಲ್ಲೂ ನಮೂದಿಸುವುದು ಯಾವ ಸಂಘಕ್ಕೂ ಅಸಾಧ್ಯವಲ್ಲ. ಇತರರ ಶ್ರಮಕ್ಕೆ ನ್ಯಾಯ ಸಲ್ಲುವುದೂ, ಮುಕ್ತವಾದುದನ್ನು ಅಂಜದೆ ಬಳಸುವುದೂ ಅದರಿಂದಲೇ ಸಾಧ್ಯ.