ಸಂಶಯಕ್ಕೆಡೆಯಿಲ್ಲದ ಆತ್ಮಕಥೆ

ಲಿಂಗಾಂತರವನ್ನು ಕೈಗೊಂಡು ಮತ್ತೆ ಹಿಂದಿರುಗಿದವನನ್ನು ನಾಯಕನನ್ನಾಗಿ ಮಾಡಿಕೊಂಡ ಕಾದಂಬರಿ ಅಪೂರ್ವವಾದುದು. ಅಮೆರಿಕದ ಲೇಖಕಿ ಟಾರಿ ಪೀಟರ್ಸ್ ಅವರ ‘ಡಿಟ್ರಾನ್ಸಿಷನ್, ಬೇಬಿ’ (2021) ಅಂಥದು. ಅದರ ಬೆಲೆಯನ್ನರಿಯಲು, ಸ್ಯಾಂಡಿ ಸ್ಟೋನ್ ಅವರು 1991ರಲ್ಲಿ ಪ್ರಕಟಿಸಿದ ಪ್ರಬಂಧವೊಂದನ್ನು ಮೊದಲು ನೋಡುವುದು ಉಚಿತ.

ಹ್ಯಾರಿ ಬೆಂಜಮಿನ್ ಎಂಬ ವೈದ್ಯನು 1966ರಲ್ಲಿ ಈ ವಿಷಯವಾಗಿ ಒಂದು ಗ್ರಂಥವನ್ನು ಬರೆದನು. ಚಿಕಿತ್ಸಾಲಯಗಳು ಅದರ ಲಕ್ಷಣಗಳಿಂದಲೇ ಅರ್ಥಿಗಳನ್ನು ಅಳೆದುವು. ಅರ್ಥಿಗಳೂ ಅದನ್ನೇ ಓದಿಕೊಂಡು ಬಂದಿದ್ದರು! ಎಲ್ಲರ ಬಾಳಕಥೆಯೂ ಲಕ್ಷಣಕ್ಕೆ ಸರಿಹೊಂದಿತು. ವೈದ್ಯರಿಗೆ ಈ ಗುಟ್ಟು ತಿಳಿಯಲು ವರ್ಷಗಳೇ ಹಿಡಿದುವೆಂದು ಸ್ಟೋನ್ ಹೇಳುತ್ತಾರೆ. ಕನ್ನಡದ ಹಳೆಯ ಮಹಾಕಾವ್ಯಗಳಲ್ಲಿ ಅಷ್ಟಾದಶವರ್ಣನೆಗಳು ತಪ್ಪದೆ ಬರುವುದನ್ನು ಬಲ್ಲ ವಾಚಕರಿಗೆ ಇದು ಸೋಜಿಗವೆನಿಸದು. ಲಕ್ಷಣಕ್ಕೆ ಒಗ್ಗದವರ ಪಾಡೇನು? ಗಂಡಾಗಿ ಬಾಳಬಯಸಿದ ಲೂ ಸಲಿವನ್ ಗಂಡಸರನ್ನೇ ಪ್ರೀತಿಸುವನೆಂದು ಸ್ಟ್ಯಾನ್‌ಫೋರ್ಡಿನಲ್ಲಿ 1980ರಲ್ಲಿ ನಿರಾಕೃತನಾದನು. ಜಾನ್ ಮಾರಿಸ್ ಅವರಿಗೆ ಇಂಗ್ಲೆಂಡಿನ ವೈದ್ಯರು ವಿವಾಹವಿಚ್ಛೇದವನ್ನು ವಿಧಿಸಿದರು. ಅವರು 1972ರಲ್ಲಿ ಕಾಸಾಬ್ಲಾಂಕಾಕ್ಕೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು.

ಪರೀಕ್ಷಕನೂ ವೈದ್ಯನೂ ಒಬ್ಬನೇ ಆದಲ್ಲಿ ಸಂಶಯವನ್ನು ಬಾಯಿಬಿಟ್ಟು ಹೇಳುವವರಾರು? ಹಾಗೆ ನುಂಗಿಕೊಂಡ ಸಂಶಯವೇ ಮುಂದೆ ಬಲಿತು, ಹಿಂದಿರುಗಬೇಕೆನಿಸಿದಾಗ, ತಾವು ಪ್ರಮಾಣಮಾಡಿ ಹೇಳಿದ ಕಥೆಯೇ ಅಡ್ಡನಿಲ್ಲುತ್ತದೆ. ಆದರೆ ನಿಬಂಧನೆಗಳನ್ನೆಲ್ಲ ಕಿತ್ತೊಗೆದರೆ ಸಾಕೆಂಬುದೂ ಅವಸರದ ಮಾತು. ವೈದ್ಯರು ತನ್ನನ್ನು ಇನ್ನಷ್ಟು ಪ್ರಶ್ನಿಸಬೇಕಾಗಿತ್ತೆಂಬುದು, ಹಿಂದಿರುಗಿದ ತರುಣಿಯೊಬ್ಬಳು ಲಂಡನ್ನಿನ ಉಚ್ಚ ನ್ಯಾಯಾಲಯಕ್ಕೆ ಹೋದಾಗಿನ ಅಳಲು. 2020ರಲ್ಲಿ ದೊರೆತ ತೀರ್ಪು ಮರುವರ್ಷ ಮೇಲ್ಮನವಿಯಲ್ಲಿ ರದ್ದಾಯಿತು. ಅಳಲು ಮಾತ್ರ ರದ್ದಾಗುವಂಥದಲ್ಲ. ಸ್ಟೋನ್ ಅವರ ಪ್ರಬಂಧದಲ್ಲಿ ಇದಕ್ಕೆ ಉತ್ತರವಿಲ್ಲ. ಪ್ರವೇಶಕ್ಕಾಗಿ ಕೇಳಿದ ಪ್ರಶ್ನೆಗೆ ಪ್ರವೇಶಕ್ಕಾಗಿಯೇ ಉತ್ತರ ಹುಟ್ಟುತ್ತದೆಂಬುದಷ್ಟೆ ಅದರಿಂದ ಸಿದ್ಧವಾಗುತ್ತದೆ, ಅದೇನೂ ಅಲ್ಪವಲ್ಲ.

ಪೀಟರ್ಸ್ ಅವರ ನಾಯಕ ಏಮ್ಸ್ ಹಿಂದೆ ಏಮಿಯಾಗಿದ್ದವನು. ತಾನು ಹೆಣ್ಣೆಂಬ ಅರಿವು ಸುಳ್ಳಾಯಿತೆಂದು ಅವನು ಮರಳಲಿಲ್ಲ. ಹಾಗೆ ಬಾಳುವುದು ಭಾರವಾಯಿತೆಂದು ಮರಳಿದನು. ಈ ಕಾರಣವನ್ನು ಬರೆದುಕೊಳ್ಳಲು ಯಾವ ವೈದ್ಯಪತ್ರದಲ್ಲಿ ಸ್ಥಳವಿದ್ದೀತು? ಹಾರ್ಮೋನುಗಳಿಂದ ತಾನು ಬಂಜೆಯಾದೆನೆಂದು ಅವನು ನಂಬಿರುವಾಗಲೇ ಪ್ರಿಯೆ ಕಟ್ರೀನಾ ಗರ್ಭಿಣಿಯಾಗುತ್ತಾಳೆ. ಮಗುವಿಗೆ ಇನ್ನೊಬ್ಬ ತಾಯಿಯಾಗೆಂದು ಏಮ್ಸ್ ಹಳೆಯ ಸಂಗಾತಿ ರೀಸಳನ್ನು ಕರೆಯುತ್ತಾನೆ. ಸಂಭಾಷಣೆಯ ಚಾತುರ್ಯ ಅಲ್ಲಲ್ಲಿ ಕಥೆಯನ್ನು ಮರೆಸುತ್ತದೆ, ಕಟ್ರೀನಾ ಉಳಿದಿಬ್ಬರಷ್ಟು ತುಂಬಿಬಂದಿಲ್ಲ. ಆದರೂ ಏಮ್ಸನ ಅನಿಶ್ಚಯವನ್ನು ಲೇಖಕಿ ಎಲ್ಲಿಯೂ ಅವಸರಿಸಿ ಬಗೆಹರಿಸುವುದಿಲ್ಲ. ಕೊನೆಯ ಪುಟದಲ್ಲಿ ಮೂವರೂ ಒಂದೆಡೆ ಸೇರಿದ್ದಾರೆ. ಮಗುವಿನ ವಿಷಯ ಇನ್ನೂ ತೀರ್ಮಾನವಾಗಿಲ್ಲ.