ಚೆರೆಪಾನೊವ್ ಕೂತಿದ್ದ ಬೆಂಚು

ಈ ವಾರ ಐಸ್ ಹಾಕಿಯ ರಷ್ಯನ್ ವಿಂಗರ್‌ಗಳ ರಿಸ್ಟ್ ಶಾಟ್ ಬಗ್ಗೆ ಬರೆಯುತ್ತೇನೆ ಎಂದಿದ್ದೆ. ಬುರೆ, ಕೊವಲ್ಚುಕ್, ಒವೆಚ್ಕಿನ್ ಎಂದು ಸಾಲು ಹಿಡಿದು ಬರುತ್ತಿದ್ದವನಿಗೆ ಅಲೆಕ್ಸೆಯ್ ಚೆರೆಪಾನೊವ್ ಹೆಸರು ದಾಟಿ ಮುಂದೆ ಹೋಗಲಾಗಲಿಲ್ಲ. ಶಾಟ್ ವಿಷಯ ಮುಂದೆಂದಾದರೂ ಆದೀತು.

ಆಲ್ಟಾಯ್ ಕಡೆಯ ಹುಡುಗ. 2006-07ರಲ್ಲಿ ಓಮ್ಸ್ಕ್‌ನ ಅವಂಗಾರ್ಡ್ ತಂಡಕ್ಕೆ ಬಂದಾಗ ಇನ್ನೂ 17 ವರ್ಷ. ಮೊದಲ ಋತುವಿನಲ್ಲೇ 18 ಗೋಲು ಹೊಡೆದ. ಪಾವೆಲ್ ಬುರೆ ಹೊಸಬನಾಗಿ ಹೊಡೆದಿದ್ದ 17ರ ದಾಖಲೆ ಮುರಿದುಬಿತ್ತು. ಅದೇ ಚಳಿಗಾಲದ ವಿಶ್ವ ಜೂನಿಯರ್ ಟೂರ್ನಿಯಲ್ಲಿ ಅತ್ಯುತ್ತಮ ಫಾರ್ವರ್ಡ್ ಎನಿಸಿಕೊಂಡ. ಎನ್‌ಎಚ್‌ಎಲ್‌ನ ಸ್ಕೌಟ್‌ಗಳು ಯುರೋಪಿನ ಆಟಗಾರರಲ್ಲಿ ಅವನನ್ನೇ ಮೊದಲು ಇಟ್ಟಿದ್ದರು. ಆದರೆ ಆಗ ರಷ್ಯಾದೊಂದಿಗೆ ವರ್ಗಾವಣೆ ಒಪ್ಪಂದವಿರಲಿಲ್ಲ; ತಂಡಗಳು ಹಿಂಜರಿದವು. 2007ರ ಡ್ರಾಫ್ಟ್‌ನಲ್ಲಿ 17ನೇ ಆಯ್ಕೆಯವರೆಗೆ ಕಾದ ನ್ಯೂಯಾರ್ಕ್ ರೇಂಜರ್ಸ್‌ಗೆ ಅವನು ದಕ್ಕಿದ. ಮರುವರ್ಷ ಅದೇ ರೇಂಜರ್ಸ್ ಬಿಟ್ಟ ಯಾರೊಮಿರ್ ಯಾಗರ್ ಓಮ್ಸ್ಕ್‌ಗೆ ಹೋಗಿ ಇವನ ಜೊತೆಗೇ ಆಡತೊಡಗಿದರು. 36ರ ಆ ಹಿರಿಯನ ಪಕ್ಕದಲ್ಲಿ 19ರ ಈ ಹುಡುಗ. ಕೆಎಚ್‌ಎಲ್‌ನ ಮೊದಲ ಋತುವಿನಲ್ಲಿ ಇದಕ್ಕಿಂತ ಚೆಂದದ ಜೋಡಿ ಇರಲಿಲ್ಲ ಎಂದು ನನ್ನ ಅಭಿಪ್ರಾಯ.

2008ರ ಅಕ್ಟೋಬರ್ 13. ಮಾಸ್ಕೋದ ದಕ್ಷಿಣಕ್ಕಿರುವ ಚೆಕಾಫ್ ಊರಿನಲ್ಲಿ ವಿತ್ಯಾಜ್ ವಿರುದ್ಧ ಪಂದ್ಯ, ಕೊನೆಯ ಅವಧಿಯ ಕೊನೆಯ ನಿಮಿಷಗಳು. ಶಿಫ್ಟ್ ಮುಗಿಸಿ ಬಂದು ಬೆಂಚಿನಲ್ಲಿ ಯಾಗರ್ ಜೊತೆ ಮಾತಾಡುತ್ತಾ ಕೂತವನು ಕುಸಿದ. ಆಂಬುಲೆನ್ಸ್ ಆಗಲೇ ಹೊರಟುಹೋಗಿತ್ತು, ವಾಪಸ್ ಕರೆಸಬೇಕಾಯಿತು. ಬಂದ ಡಿಫಿಬ್ರಿಲೇಟರ್‌ನ ಬ್ಯಾಟರಿ ಖಾಲಿಯಾಗಿತ್ತು ಎಂದು ವರದಿಗಳು ಹೇಳಿದವು. ಹುಡುಗ ಉಳಿಯಲಿಲ್ಲ. ಹೃದಯದ ಸ್ನಾಯುವಿನ ಉರಿಯೂತ, ಅಂದರೆ ಮಯೋಕಾರ್ಡೈಟಿಸ್, ಮೊದಲೇ ಇತ್ತು, ಅವನು ಆಡಲೇಬಾರದಿತ್ತು ಎಂದು ತನಿಖೆ ಮಾಡಿದವರು ಆಮೇಲೆ ಹೇಳಿದರು.

ನಮ್ಮ ಆಟದ ರಸಿಕರಲ್ಲಿ ಒಂದು ಪಂಥವಿದೆ. ಚೆರೆಪಾನೊವ್ ಹೆಸರು ಬಂದ ಕೂಡಲೇ ಅವರು ಲೆಕ್ಕ ಹಾಕಲು ಕೂರುತ್ತಾರೆ: ನ್ಯೂಯಾರ್ಕ್‌ನಲ್ಲಿ ಎಷ್ಟು ಗೋಲು ಹೊಡೆಯುತ್ತಿದ್ದ, ಯಾರ ಲೈನ್‌ನಲ್ಲಿ ಆಡುತ್ತಿದ್ದ, ಎಷ್ಟು ಕಪ್ ಬರುತ್ತಿತ್ತು. ಕೊನೆಗೆ ‘ವಿಧಿ’ ಎಂದು ನಿಟ್ಟುಸಿರು ಬಿಡುತ್ತಾರೆ. ಇವರ ಮೇಲೆ ನನಗಿರುವ ಸಿಟ್ಟು ಹಳೆಯದು. ಆಡದ ಆಟದ ಅಂಕಿಅಂಶ ಬರೆದು ಕಣ್ಣೊರೆಸಿಕೊಂಡರೆ, ಆ ಸಂಜೆ ಯಾರು ಯಾವ ಕೆಲಸ ಮಾಡಲಿಲ್ಲ ಎಂಬ ಪ್ರಶ್ನೆ ಕೇಳದೆಯೇ ಎದ್ದು ಹೋಗಬಹುದು.

ಪಕ್ ಹಿಂದೆ ಕಣ್ಣು ಓಡಿಸಬೇಡಿ, ಬೆಂಚು ನೋಡಿ ಎಂದು ಈ ಅಂಕಣದಲ್ಲಿ ಮತ್ತೆ ಮತ್ತೆ ಬರೆದಿದ್ದೇನೆ. ಮುಕ್ಕಾಲು ನಿಮಿಷ ಜೀವ ಬಿಟ್ಟು ಓಡಿ, ಗೋಡೆ ಹಾರಿ ಬಂದು ಕೂರುವುದು. ಎರಡು ಮೂರು ನಿಮಿಷಕ್ಕೆ ಮತ್ತೆ ಏಳುವುದು. ಈ ಆಟದ ಲಯವೇ ಅದು. ದೋಷವಿರುವ ಹೃದಯ ತಾಳ ತಪ್ಪುವುದೂ ಹೆಚ್ಚಾಗಿ ಇಂಥ ಶ್ರಮದ ನಡುವೆ ಅಥವಾ ಅದು ಮುಗಿದ ಕೂಡಲೇ. ಡೆಟ್ರಾಯಿಟ್‌ನ ಡಿಫೆನ್ಸ್‌ಮನ್ ಯಿರಿ ಫಿಶರ್ ಕುಸಿದದ್ದೂ ಬೆಂಚಿನಲ್ಲೇ, 2005ರ ನವೆಂಬರ್ 21ರಂದು, 25ನೇ ವಯಸ್ಸಿನಲ್ಲಿ. 2002ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದ ತಂಡದಲ್ಲಿದ್ದವನು. ತಂಡದ ವೈದ್ಯ ಟೋನಿ ಕೊಲುಚಿ ಅಲ್ಲೇ ಇದ್ದರು. ಎದೆ ಒತ್ತಿದರು, ಡಿಫಿಬ್ರಿಲೇಟರ್‌ನಿಂದ ಶಾಕ್ ಕೊಟ್ಟರು. ಪಂದ್ಯ ಅಲ್ಲಿಗೇ ನಿಂತಿತು. ಫಿಶರ್ ಮತ್ತೆಂದೂ ಎನ್‌ಎಚ್‌ಎಲ್‌ನಲ್ಲಿ ಆಡಲಿಲ್ಲ, ಆದರೆ ಡೆಟ್ರಾಯಿಟ್ ತಂಡದಲ್ಲೇ ಎಳೆಯ ಆಟಗಾರರನ್ನು ಬೆಳೆಸುವ ಕೆಲಸಕ್ಕೆ ನಿಂತ. 2014ರ ಮಾರ್ಚ್ 10ರಂದು ಡಲ್ಲಾಸ್‌ನ ಬೆಂಚಿನಲ್ಲಿ ಬಿದ್ದ ರಿಚ್ ಪೆವರ್ಲಿಯನ್ನು ವೈದ್ಯರು ಸುರಂಗದೊಳಗೆ ಎತ್ತಿಕೊಂಡು ಹೋಗಿ ಬದುಕಿಸಿದರು. ಪ್ರಜ್ಞೆ ಬಂದ ಕೂಡಲೇ ಆತ ಕೇಳಿದ್ದು, ಮೊದಲ ಅವಧಿಯಲ್ಲಿ ಇನ್ನೆಷ್ಟು ಸಮಯ ಉಳಿದಿದೆ ಎಂದು.

ಇವರಿಬ್ಬರ ಆಟವೂ ಅರ್ಧಕ್ಕೇ ನಿಂತಿತು, ಆದರೆ ಇಬ್ಬರೂ ಮನೆಗೆ ಹೋದರು. ಹೃದಯ ನಿಂತ ಮೇಲೆ ಶಾಕ್ ಕೊಡುವುದು ಒಂದೊಂದು ನಿಮಿಷ ತಡವಾದಂತೆ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ. ಡೆಟ್ರಾಯಿಟ್‌ಗೂ ಚೆಕಾಫ್‌ಗೂ ಇದ್ದ ಅಂತರ ಈ ನಿಮಿಷಗಳದ್ದು. ವಿಧಿಯನ್ನು ಇದಕ್ಕೆ ಎಳೆದು ತರಬೇಕಾಗಿಲ್ಲ.

ಊರಿನ ಹೆಸರು ಬಂದದ್ದು ನಾವೆಲ್ಲ ಓದಿದ ಅದೇ ಆಂಟನ್ ಚೆಕಾಫ್‌ರಿಂದ. ಹತ್ತಿರದ ಮೆಲಿಖೊವೊದಲ್ಲಿ ಅವರು 1892ರಿಂದ ಕೆಲವು ವರ್ಷ ಇದ್ದರು. ಬರೀ ಬರೆಯುತ್ತಾ ಕೂತಿರಲಿಲ್ಲ. ವೃತ್ತಿಯಿಂದ ವೈದ್ಯರು, ಸುತ್ತಲಿನ ರೈತರಿಗೆ ಔಷಧ ಕೊಟ್ಟರು, ಕಾಲರಾ ಭೀತಿಯ ವರ್ಷ ಹಳ್ಳಿ ಹಳ್ಳಿ ಸುತ್ತಿದರು. ಅಂಥವರ ಹೆಸರಿನ ಊರಲ್ಲಿ ಒಂದು ಬ್ಯಾಟರಿಗೆ ಗತಿಯಿರಲಿಲ್ಲ ಎಂಬುದು ನನಗೆ ಇಂದಿಗೂ ಸಂಕಟದ ಸಂಗತಿ.

ಅವಂಗಾರ್ಡ್‌ನಲ್ಲಿ ಈಗ 7ನೇ ಸಂಖ್ಯೆಯ ಅಂಗಿಯನ್ನು ಯಾರಿಗೂ ಕೊಡುವುದಿಲ್ಲ. ಕೆಎಚ್‌ಎಲ್‌ನ ಶ್ರೇಷ್ಠ ಹೊಸಬನಿಗೆ ಸಲ್ಲುವ ಪ್ರಶಸ್ತಿಗೆ ಚೆರೆಪಾನೊವ್ ಹೆಸರಿದೆ. ನಿಮ್ಮಲ್ಲಿ ಯಾರಾದರೂ ಊರಲ್ಲಿ ಟೂರ್ನಿ ನಡೆಸುವವರಿದ್ದರೆ, ಅದು ಯಾವ ಆಟವೇ ಇರಲಿ, ನನ್ನದೊಂದು ವಿನಂತಿ: ಡಿಫಿಬ್ರಿಲೇಟರ್‌ನ ಬ್ಯಾಟರಿಯನ್ನು ಪಂದ್ಯದ ದಿನ ಬೆಳಿಗ್ಗೆ ನೀವೇ ನೋಡಿ, ಕೊನೆಯ ಆಟಗಾರ ಮನೆಗೆ ಹೊರಡುವವರೆಗೆ ಆಂಬುಲೆನ್ಸ್ ಕಳಿಸಬೇಡಿ.